ಪಂಪೆಯಲ್ಲಿ ಬಿಟ್ಟ ಅಂಗಿ



ಈ ಸಲದ ಬರಹ ನನ್ನ ಪಾಲಿಗೆ ಬಂದಿದೆ. ನಾನು ಶಾಸ್ತ್ರ ಓದಿದವನಲ್ಲ. ಡಿಪ್ಲೊಮಾ ಮುಗಿಸಿ ನಾಗಪುರದಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುವವನು. ಪ್ರಿಂಟರ್ ಓಡುತ್ತಿಲ್ಲ, ಪಾಸ್‌ವರ್ಡ್ ಮರೆತುಹೋಗಿದೆ, ನೆಟ್ ಬರುತ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ಎದ್ದು ಓಡುವ ಕೆಲಸ. ಬರೆದದ್ದರಲ್ಲಿ ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಬೇಕು.

ಹೋದ ವಾರ ಗುಂಪಿನಲ್ಲಿ ಒಬ್ಬ ಕನ್ನಿಸ್ವಾಮಿ ಒಂದು ಪ್ರಶ್ನೆ ಹಾಕಿದ್ದರು. "ದರ್ಶನ ಮುಗಿಸಿ ಇಳಿದ ಮೇಲೆ ಪಂಪೆಯಲ್ಲಿ ಕಪ್ಪು ಬಟ್ಟೆ ಬಿಡಲೇಬೇಕಾ?" ಅಂತ. ಅರ್ಧ ಗಂಟೆಯಲ್ಲಿ ಮೂವತ್ತು ಉತ್ತರ ಬಂದವು. ಬಿಡಬೇಕು, ಪಾಪ ಹೋಗುತ್ತದೆ ಅಂದರು ಕೆಲವರು. ಬಿಡಬಾರದು, ಪೊಲೀಸರು ಹಿಡಿಯುತ್ತಾರೆ ಅಂದರು ಕೆಲವರು. ನಾನು ಓದುತ್ತಾ ಸುಮ್ಮನಿದ್ದೆ. ಯಾಕೆಂದರೆ ನಾನು ಬಿಟ್ಟವನು.

ಅದು ನನ್ನ ಮೊದಲ ವರ್ಷ. ನಾಗಪುರದಿಂದ ಕೇರಳ ಎಕ್ಸ್‌ಪ್ರೆಸ್ ಹತ್ತಿ ಚೆಂಗನ್ನೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಪಂಪೆ. ಬೆಟ್ಟ ಹತ್ತಿ, ಹದಿನೆಂಟು ಮೆಟ್ಟಿಲು ಏರಿ, ತುಪ್ಪದ ಅಭಿಷೇಕ ಮುಗಿಸಿ ಕೆಳಗೆ ಬಂದಾಗ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ನದಿಯಲ್ಲಿ ಮುಳುಗೆದ್ದೆ. ಪಕ್ಕದಲ್ಲಿದ್ದವರು ಬಟ್ಟೆ ಬಿಡುತ್ತಿದ್ದರು. ನಾನೂ ಕಪ್ಪು ಅಂಗಿ, ಪಂಚೆ ಎರಡನ್ನೂ ನೀರಿಗೆ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಎದೆ ನಿಜವಾಗಲೂ ಹಗುರಾಯಿತು. ಅಪ್ಪನ ಜೊತೆ ಆಡಿದ್ದ ಒಂದು ಕೆಟ್ಟ ಮಾತು ವರ್ಷದಿಂದ ಚುಚ್ಚುತ್ತಿತ್ತು. ಅದೂ ಹೋಯಿತು ಅಂದುಕೊಂಡೆ.

ಮೆಟ್ಟಿಲ ಮೇಲೆ ನಿಂತು ತಲೆ ಒರೆಸಿಕೊಳ್ಳುತ್ತಾ ನೋಡಿದೆ. ಸ್ವಲ್ಪ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಒಬ್ಬ ಆಳು ನಿಂತಿದ್ದ. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಕೊಕ್ಕೆ. ತೇಲಿ ಬಂದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ದಡಕ್ಕೆ ಹಾಕುತ್ತಿದ್ದ. ದಡದಲ್ಲಿ ಸೊಂಟದೆತ್ತರ ರಾಶಿ. ನನ್ನ ಅಂಗಿ ಎರಡು ನಿಮಿಷವೂ ನದಿಯಲ್ಲಿರಲಿಲ್ಲ. ಅವನ ಕೊಕ್ಕೆಗೆ ಸಿಕ್ಕಿ ರಾಶಿಗೆ ಸೇರಿತು. ಅವನು ನನ್ನನ್ನು ನೋಡಲೂ ಇಲ್ಲ. ಇಡೀ ದಿನ ಅದೇ ಕೆಲಸ ಮಾಡುವವನಿಗೆ ಒಂದೊಂದು ಅಂಗಿಯ ಮಾಲೀಕನ ಮುಖ ನೋಡುವ ಪುರುಸೊತ್ತು ಎಲ್ಲಿ?

ಬಂದ ಹಗುರ ಅಲ್ಲಿಯೇ ಅರ್ಧ ಇಳಿಯಿತು. ನನ್ನ ಪಾಪ ನೀರಿಗೆ ಹೋಗಿದೆ ಅಂದುಕೊಂಡಿದ್ದೆ. ಅದು ಹೋದದ್ದು ಆ ಮನುಷ್ಯನ ಭುಜಕ್ಕೆ.

ನಮ್ಮ ಕೆಲಸದಲ್ಲಿ ಒಂದು ಚಾಳಿ ಇದೆ, ಸಪೋರ್ಟ್‌ನಲ್ಲಿರುವ ಸ್ವಾಮಿಗಳಿಗೆ ಗೊತ್ತಿರುತ್ತದೆ. ಒಂದು ಟಿಕೆಟ್ ಬರುತ್ತದೆ, ಬಗೆಹರಿಯುವುದಿಲ್ಲ. ಆಗ ಅದನ್ನು ಬೇರೆ ಟೀಮಿಗೆ ವರ್ಗಾಯಿಸಿಬಿಡುವುದು. ನಮ್ಮ ಪಟ್ಟಿಯಿಂದ ಅದು ಮಾಯ. ತಿಂಗಳ ವರದಿಯಲ್ಲಿ ನಮ್ಮ ಅಂಕ ಚೆನ್ನಾಗಿರುತ್ತದೆ. ಆದರೆ ಆ ಮೂರನೇ ಮಹಡಿಯ ಅಕೌಂಟೆಂಟ್ ಮೇಡಂ ಅವರ ಪ್ರಿಂಟರ್ ಇನ್ನೂ ಹಾಗೆಯೇ ಕೂತಿದೆ. ನಾನೂ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಪಂಪೆಯಲ್ಲಿ ಮಾಡಿದ್ದೂ ಅದನ್ನೇ ಅಂತ ರೈಲಿನಲ್ಲಿ ವಾಪಸು ಬರುವಾಗ ಹೊಳೆಯಿತು. ಟಿಕೆಟ್ ಕ್ಲೋಸ್ ಆಗಿರಲಿಲ್ಲ, ವರ್ಗ ಆಗಿತ್ತು ಅಷ್ಟೇ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು. ನನ್ನ ಕೊಳೆಯನ್ನು ಇನ್ನೊಬ್ಬರ ಕಡೆಗೆ ಸಾಗಿಸಿ ನಾನು ಮಡಿಯಾದರೆ, ಅದು ಮಡಿಯೇ?

ಈ ಪ್ರಶ್ನೆ ನನಗೆ ಹೊಸದಲ್ಲ ಅಂತ ಆಮೇಲೆ ನೆನಪಾಯಿತು. ನಮ್ಮ ಊರು ತುಂಗಭದ್ರೆಯ ದಂಡೆಯಲ್ಲಿ, ಹರಿಹರದಿಂದ ಕೆಳಗೆ. ಹರಿಹರ ಅಂದರೆ ಗೊತ್ತಲ್ಲ, ನಮ್ಮ ಸ್ವಾಮಿಯ ತಂದೆ ತಾಯಿ ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತಿರುವ ಊರು. 1980ರ ದಶಕದಲ್ಲಿ ತುಂಗಭದ್ರೆಗೆ ಕಾರ್ಖಾನೆಯ ಹೊಲಸು ಸೇರುವುದರ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ಮುಂದಿತ್ತು. ನಾನು ಆಗ ಹುಟ್ಟಿರಲಿಲ್ಲ. ಅಜ್ಜಿಯ ಬಾಯಲ್ಲಿ ಕೇಳಿದ್ದು. ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವಂತೆ, ಎಮ್ಮೆ ನೀರಿಗೆ ಇಳಿಯುತ್ತಿರಲಿಲ್ಲವಂತೆ. ಅಜ್ಜಿಗೆ ಯಾರ ಹೆಸರೂ ಗೊತ್ತಿಲ್ಲ, ಕಾಯ್ದೆ ಗೊತ್ತಿಲ್ಲ. ಅವಳು ಹೇಳುತ್ತಿದ್ದದ್ದು ಇಷ್ಟೇ: "ಮ್ಯಾಲಿನವ್ರು ಕೈ ತೊಳದಿದ್ದು ನಾವು ಕುಡಿಯೂದು ನೋಡಪಾ. ಅವ್ರಿಗೆ ನಾವು ಕಾಣಂಗಿಲ್ಲ."

ಅವರಿಗೆ ನಾವು ಕಾಣುವುದಿಲ್ಲ. ಕೆಳಗಿನವನು ಕಾಣುವುದಿಲ್ಲ. ನಾನು ಕೆಳಗಿನ ಊರಲ್ಲಿ ಹುಟ್ಟಿ, ಕೆಲಸಕ್ಕೆ ಬಂದು ಮೇಲಿನ ಊರಿನವನಾದೆ. ಅದು ಗೊತ್ತಾಗಲು ನನಗೆ ನಾಗಪುರದಲ್ಲಿ ಎರಡು ವರ್ಷ ಬೇಕಾಯಿತು.

ನಾಗಪುರದ ನೀರಿನ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೊರ ಊರಿನ ಸ್ವಾಮಿಗಳಿಗೆ ತಿಳಿದಿರಲಿಕ್ಕಿಲ್ಲ. ಈ ಊರಿಗೆ ಹೆಸರು ಬಂದದ್ದೇ ನಾಗ ನದಿಯಿಂದ. ನದಿ ಅಂದರೆ ಇಲ್ಲಿಯ ಹುಡುಗರು ನಗುತ್ತಾರೆ. ಅವರ ಪಾಲಿಗೆ ಅದು ನಾಲಾ. ಪಶ್ಚಿಮಕ್ಕೆ ಲಾವಾ ಗುಡ್ಡಗಳ ಕಡೆ ಹುಟ್ಟಿ, ಅಂಬಾಝರಿ ಕೆರೆಯ ಮೂಲಕ ಊರಿನ ನಡು ಮಧ್ಯೆ ಹರಿಯುತ್ತದೆ. ಅಂಬಾಝರಿ 1870ರ ಸುಮಾರಿಗೆ ಊರಿಗೆ ಕುಡಿಯುವ ನೀರು ಕೊಡುತ್ತಿದ್ದ ಕೆರೆ. ಈಗ ಅದರ ನೀರು ಯಾರೂ ಕುಡಿಯುವುದಿಲ್ಲ. ಮೇಲಿನ ಬಡಾವಣೆಗಳ ಚರಂಡಿ ನೀರು ಸೇರಿ ಸೇರಿ, ಇತ್ತೀಚಿನ ವರ್ಷಗಳಲ್ಲಿ ಕೆರೆಯ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ಜಲಪರ್ಣಿ ಬೆಳೆದಿತ್ತು. ನಮ್ಮ ಕಡೆ ಅಂತರಗಂಗೆ ಅನ್ನುತ್ತೇವಲ್ಲ, ಆ ಗಿಡ. ನೋಡಲು ಚೆಂದ, ನೇರಳೆ ಹೂ. ಒಬ್ಬ ಸ್ವಾಮಿ ಫೋಟೋ ತೆಗೆದು ಗುಂಪಿಗೆ ಹಾಕಿದ್ದರು ಕೂಡ. ಆದರೆ ಅದು ಕಾಯಿಲೆಯ ಗುರುತು. ನಮ್ಮ ಕಕ್ಕಸಿನ ನೀರು, ಬಟ್ಟೆ ಒಗೆದ ಸೋಪಿನ ನೀರು ಇವುಗಳಲ್ಲಿ ಸಾರಜನಕ, ರಂಜಕ ಇರುತ್ತವೆ. ಗದ್ದೆಗೆ ಗೊಬ್ಬರ ಹಾಕಿದ ಹಾಗೆಯೇ ಅದು ಗಿಡಕ್ಕೆ ಗೊಬ್ಬರ. ಗಿಡ ಮುಚ್ಚಿಕೊಂಡರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಕೊಳೆತದ್ದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನಿಗೆ ಉಸಿರಿಲ್ಲ. ಇಲ್ಲಿ ಒಂದು ಮಾತು ನೆನಪಿಡಿ: ಆ ಸೂಕ್ಷ್ಮಜೀವಿಗೆ ಚರಂಡಿಯ ಕೊಳೆ, ಪೂಜೆಯ ಹೂವು, ಅಭಿಷೇಕದ ಹಾಲು, ತುಪ್ಪ ಎಲ್ಲ ಒಂದೇ. ಪವಿತ್ರವಾದದ್ದು ಕೊಳೆತರೂ ಆಮ್ಲಜನಕ ಅಷ್ಟೇ ಖರ್ಚು.

ನಾಗ ನದಿ ಊರು ದಾಟಿ ಮುಂದೆ ಪೀಲಿ ನದಿಯ ಜೊತೆ ಸೇರಿ ಕನ್ಹಾನ್‌ಗೆ ಬೀಳುತ್ತದೆ. ಕನ್ಹಾನ್ ವೈನಗಂಗೆಗೆ. ವೈನಗಂಗೆಯ ಮೇಲೆ ಭಂಡಾರಾ ಜಿಲ್ಲೆಯಲ್ಲಿ ಗೋಸೀಖುರ್ದ್ ಅಣೆಕಟ್ಟು, 1988ರಲ್ಲಿ ಶಂಕುಸ್ಥಾಪನೆ ಆದದ್ದು. ನಾಗಪುರದ ಕೊಳೆ ಅಲ್ಲಿ ಹೋಗಿ ನಿಲ್ಲುತ್ತದೆ. ಅಲ್ಲಿಯ ರೈತರು, ಮೀನುಗಾರರು, ಭಂಡಾರಾ ಊರಿನ ಜನ ವರ್ಷಗಳಿಂದ ದೂರು ಹೇಳುತ್ತಲೇ ಇದ್ದಾರೆ. ನದಿ ಸ್ವಚ್ಛ ಮಾಡಲು ಎರಡು ಸಾವಿರ ಕೋಟಿ ರೂಪಾಯಿ ಆಸುಪಾಸಿನ ಯೋಜನೆ, ಜಪಾನಿನ ಸಾಲದ ನೆರವು ಎಲ್ಲ ಇದೆ. ಭಾಂಡೇವಾಡಿಯಲ್ಲಿ ಶುದ್ಧೀಕರಿಸಿದ ಚರಂಡಿ ನೀರನ್ನು ಕೊರಾಡಿಯ ವಿದ್ಯುತ್ ಸ್ಥಾವರಕ್ಕೆ ಕೊಡುತ್ತಾರೆ, ಅದು ಒಳ್ಳೆಯ ಕೆಲಸ, ಹೇಳಲೇಬೇಕು. ಆದರೂ ನಾನು ದಿನಾ ದಾಟುವ ಸೇತುವೆಯ ಮೇಲೆ ಮೂಗು ಮುಚ್ಚದೆ ಹೋಗಲು ಇನ್ನೂ ಆಗಿಲ್ಲ. ದೇಶದ ಪರಿಸರ ಸಂಶೋಧನೆಯ ದೊಡ್ಡ ಸಂಸ್ಥೆ ನೀರಿ ಇದೇ ಊರಿನಲ್ಲಿದೆ, 1958ರಿಂದ. ಗೊತ್ತಿಲ್ಲದೆ ಕೆಟ್ಟ ನದಿಯಲ್ಲ ಇದು.

ಇನ್ನು ಕುಡಿಯುವ ನೀರು. ಅದು ಬಹುಪಾಲು ಉತ್ತರದ ಪೆಂಚ್ ನದಿಯಿಂದ ಬರುತ್ತದೆ. ತೋತ್ಲಾಡೋಹ್ ಜಲಾಶಯ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಅಲ್ಲಿಂದ ಇಳಿದ ನೀರನ್ನು ನವೇಗಾಂವ್ ಖೈರಿಯಲ್ಲಿ ಎತ್ತಿ ಊರಿಗೆ ತರುತ್ತಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶವಾದದ್ದು 1999ರಲ್ಲಿ. ಕಾಡು ಮಳೆಯನ್ನು ಹಿಡಿದು ನಿಧಾನಕ್ಕೆ ಬಿಡುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ, ಹಾಗಾಗಿ ಜಲಾಶಯಕ್ಕೆ ಹೂಳು ಕಡಿಮೆ. ಹುಲಿ ಇದ್ದರೆ ಜಿಂಕೆ ಕಡವೆಗಳು ಒಂದೇ ಕಡೆ ನಿಂತು ಎಲ್ಲ ಚಿಗುರು ಮೇಯುವುದಿಲ್ಲ, ಜನರೂ ಸುಮ್ಮಸುಮ್ಮನೆ ಕೊಡಲಿ ಹಿಡಿದು ನುಗ್ಗುವುದಿಲ್ಲ. ಒಂದಕ್ಕೊಂದು ಹೀಗೆ ಹೆಣೆದುಕೊಂಡಿರುವುದನ್ನೇ ಪರಿಸರ ವಿಜ್ಞಾನ ಅನ್ನುತ್ತಾರೆ.

ನಮ್ಮ ಮಣಿಕಂಠ ತಾಯಿಯ ತಲೆನೋವಿಗೆ ಹುಲಿಯ ಹಾಲು ತರಲು ಕಾಡಿಗೆ ಹೋದ ಕತೆ ನಮಗೆಲ್ಲ ಗೊತ್ತು. ಹುಲಿಯ ಹಾಲು ಸಿಗುವುದುಂಟೇ ಅಂತ ನಗುವವರಿದ್ದಾರೆ. ನಾಗಪುರದಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವುದು ಅದೇ ಅಂತ ನನಗೆ ಅನ್ನಿಸುತ್ತದೆ. ಹುಲಿಯ ಕಾಡು ಕೊಟ್ಟದ್ದನ್ನು ಕುಡಿಯುತ್ತೇವೆ, ತೊಳೆಯುತ್ತೇವೆ, ಕೊಳೆ ಮಾಡಿ ಭಂಡಾರಾದವರಿಗೆ ಕಳಿಸುತ್ತೇವೆ. ಇನ್ನೂ ಒಂದು ವಿಷಯ, ಪೆಂಚ್ ನದಿಯೂ ಕೊನೆಗೆ ಕನ್ಹಾನ್‌ಗೇ ಸೇರುತ್ತದೆ. ಅದೇ ನದಿಯ ಮೇಲಿನ ತುದಿಯಿಂದ ತೆಗೆದುಕೊಂಡು ಕೆಳಗಿನ ತುದಿಗೆ ಉಗುಳಿದ ಹಾಗೆ ಆಯಿತು.

ನದಿ ಒಂದು ಸಲ ಉತ್ತರ ಕೊಟ್ಟಿತು. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ, ಗಣೇಶ ಹಬ್ಬದ ವಾರ. ಕೆಲವೇ ಗಂಟೆಗಳಲ್ಲಿ 100 ಮಿ.ಮೀ.ಗೂ ಹೆಚ್ಚು ಮಳೆ. ಅಂಬಾಝರಿ ಕೋಡಿ ಹರಿಯಿತು, ನಾಗ ನದಿ ಎರಡೂ ಕಡೆ ಉಕ್ಕಿತು. ಸಾವಿರಾರು ಮನೆಗಳಿಗೆ ನೀರು ನುಗ್ಗಿತು, ಜೀವಗಳೂ ಹೋದವು. ನಾನು ಆಗ ಆ ಕಡೆಯೇ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಕೆಳಗಿನ ಮನೆಯ ಕಾಕೂ ನಡುಗುತ್ತಾ ಮೇಲೆ ಬಂದರು, ಕೈಯಲ್ಲಿ ಗಣಪತಿ. ಬೇರೆ ಏನನ್ನೂ ಎತ್ತಿಕೊಂಡಿರಲಿಲ್ಲ. ನೀರು ಇಳಿದ ಮೇಲೆ ಅವರ ಮನೆಯ ಕೆಸರು ತೆಗೆಯಲು ಇಳಿದೆವು. ಸಲಿಕೆಗೆ ಸಿಕ್ಕಿದ್ದೇನು? ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಥರ್ಮೋಕೋಲ್ ತಟ್ಟೆ, ದಾರದಲ್ಲಿ ಪೋಣಿಸಿದ ಹಳೆಯ ಹೂಮಾಲೆ. ನಾವು ಎಲ್ಲೋ ಎಸೆದದ್ದು. ಎಸೆದಾಗ ಹೋಯಿತು ಅಂದುಕೊಂಡದ್ದು. ಎಲ್ಲ ಕಾಕೂ ಅವರ ದೇವರ ಕೋಣೆಯಲ್ಲಿತ್ತು.

ಅಮೆರಿಕದ ಬ್ಯಾರಿ ಕಾಮನರ್ ಎಂಬ ಜೀವವಿಜ್ಞಾನಿ 1971ರಲ್ಲಿ ಒಂದು ಪುಸ್ತಕದಲ್ಲಿ ಪರಿಸರದ ನಾಲ್ಕು ನಿಯಮ ಬರೆದರು. ಅದರಲ್ಲಿ ಒಂದರ ತಾತ್ಪರ್ಯ, ಯಾವ ವಸ್ತುವೂ ಇಲ್ಲವಾಗುವುದಿಲ್ಲ, ಇಲ್ಲಿಂದ ತೆಗೆದರೆ ಇನ್ನೆಲ್ಲೋ ಇರುತ್ತದೆ ಅನ್ನುವುದು. ಓದಿದಾಗ ನನಗೆ ನೆನಪಾದದ್ದು ಸನ್ನಿಧಾನದ ಎದುರು ನಾವೆಲ್ಲ ತಲೆ ಎತ್ತಿ ಓದುವ ಮಾತು, ತತ್ತ್ವಮಸಿ. ಅದು ಛಾಂದೋಗ್ಯ ಉಪನಿಷತ್ತಿನದು, ಉದ್ದಾಲಕ ಮಗ ಶ್ವೇತಕೇತುವಿಗೆ ಹೇಳಿದ್ದು. ಆ ಕತೆಯನ್ನು ನಮ್ಮ ಗುರುಸ್ವಾಮಿ ಪ್ರತಿ ವರ್ಷ ಮಾಲೆ ಹಾಕಿದ ದಿನ ಹೇಳುತ್ತಾರೆ. ತಂದೆ ಮಗನಿಗೆ ಒಂದು ಹರಳು ಉಪ್ಪನ್ನು ನೀರಿಗೆ ಹಾಕಲು ಹೇಳಿದ. ಮರುದಿನ ಬೆಳಿಗ್ಗೆ ಆ ಉಪ್ಪು ತಾ ಅಂದ. ಮಗ ಹುಡುಕಿದ, ಸಿಗಲಿಲ್ಲ. ಹಾಗಾದರೆ ಮೇಲಿನಿಂದ ಕುಡಿ, ಹೇಗಿದೆ? ಉಪ್ಪು. ನಡುವಿನಿಂದ? ಉಪ್ಪು. ತಳದಿಂದ? ಉಪ್ಪು. ಕಾಣುತ್ತಿಲ್ಲ, ಆದರೆ ಎಲ್ಲೆಲ್ಲೂ ಇದೆ.

ಅದು ಪರಮಾತ್ಮನ ವಿಷಯ, ಚರಂಡಿಗೆ ಹೋಲಿಸಬೇಡ ಅಂತ ಯಾರಾದರೂ ಬೈಯಬಹುದು. ನಾನು ಹೋಲಿಸುತ್ತಿಲ್ಲ. ಆದರೆ ಕಾಣದಿದ್ದ ಮಾತ್ರಕ್ಕೆ ಇಲ್ಲ ಅನ್ನಬೇಡ ಎಂದು ಕಲಿಸಲು ಆ ತಂದೆ ನೀರಿನ ಪಾತ್ರೆಯನ್ನೇ ಆರಿಸಿಕೊಂಡ. ಅದೇ ನೀರನ್ನು ನೋಡಿ ನಾನು ನನ್ನ ಕೊಳೆ ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಅಂದರೆ ಪಾಠ ನನಗೆ ಹತ್ತಿಲ್ಲ ಅಂತಲೇ ಅರ್ಥ. ಎದುರಿನವನನ್ನೂ ಸ್ವಾಮಿ ಅಂತ ಕರೆಯುತ್ತೇವೆ. ಮಗುವಿಗೂ ಸ್ವಾಮಿ, ಆಟೋದವನಿಗೂ ಸ್ವಾಮಿ. ಅಣೆಕಟ್ಟಿನ ಹತ್ತಿರ ಬಲೆ ಹಾಕುವವನು ಮಾತ್ರ ಯಾಕೆ ಸ್ವಾಮಿಯಲ್ಲ? ಕಾಣುವುದಿಲ್ಲ ಅಂತಲೇ?

ನಮ್ಮ ಗುರುಸ್ವಾಮಿ ಕಾಸರಗೋಡು ಕಡೆಯವರು. ರೈಲ್ವೆಯಲ್ಲಿದ್ದು ನಿವೃತ್ತರಾಗಿ ನಾಗಪುರದಲ್ಲೇ ಉಳಿದವರು. ಅವರ ಹತ್ತಿರ ಈ ಬಟ್ಟೆಯ ವಿಷಯ ತೆಗೆದಿದ್ದೆ. ಅವರು ಸುಲಭಕ್ಕೆ ಒಪ್ಪಲಿಲ್ಲ. "ಸ್ವಾಮೀ, ನೀವು ಅಂಗಿಯನ್ನು ನೋಡ್ತಿದ್ದೀರಿ. ಬಿಡುವುದು ಅಂಗಿಯನ್ನಲ್ಲ, ಅಹಂಕಾರವನ್ನು. ಜನರಿಗೆ ಕೈಯಿಂದ ಮಾಡುವ ಒಂದು ಕ್ರಿಯೆ ಬೇಕು. ಬರೀ ಮನಸ್ಸಿನಲ್ಲಿ ಬಿಡಿ ಅಂದ್ರೆ ಯಾರಿಗೂ ಆಗುವುದಿಲ್ಲ" ಅಂದರು.

ಈ ಮಾತಿನಲ್ಲಿ ಸತ್ಯ ಇದೆ. ನನಗೇ ಅನುಭವ ಆಗಿದೆಯಲ್ಲ, ಎದೆ ಹಗುರಾದದ್ದು ಸುಳ್ಳಲ್ಲ. ಎರಡು ದಿನ ಯೋಚಿಸಿ ಅವರಿಗೆ ಹೇಳಿದೆ: "ಗುರುಸ್ವಾಮೀ, ನಾನು ಬಿಟ್ಟದ್ದು ನಲವತ್ತೊಂದು ದಿನ ಉಟ್ಟು ಬಣ್ಣ ಹೋದ ಅಂಗಿ. ಅದನ್ನು ಬಿಡಲು ನನಗೆ ಏನೂ ಕಷ್ಟ ಆಗಲಿಲ್ಲ. ಬಿಡಲು ಕಷ್ಟ ಆಗಬೇಕಾದದ್ದು ನನ್ನ ಫೋನು. ಅದನ್ನು ಯಾರೂ ಪಂಪೆಗೆ ಬಿಡುವುದಿಲ್ಲ." ಅವರು ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಚಿಕ್ಕವರಿದ್ದಾಗ, ಹೀಗೆ ಬಟ್ಟೆ ಬಿಡುವುದನ್ನು ತಮ್ಮ ತಂದೆ ಮಾಡುತ್ತಿರಲಿಲ್ಲ, ತಾವು ಯಾವಾಗ ಶುರು ಮಾಡಿದೆವೋ ನೆನಪಿಲ್ಲ ಅಂದರು. ನಿಜವಾಗಿ ನೋಡಿದರೆ ಹಾಗೊಂದು ಆಚಾರವೇ ಇಲ್ಲ ಅಂತ ಶಬರಿಮಲೆಯ ತಂತ್ರಿಗಳೂ ದೇವಸ್ವಂ ಮಂಡಳಿಯೂ ಹಲವು ಸಲ ಹೇಳಿದ್ದಾರೆ. ನದಿಗೆ ಬಟ್ಟೆ ಎಸೆಯುವುದು 1974ರ ಜಲಮಾಲಿನ್ಯ ಕಾಯ್ದೆಯ ಪ್ರಕಾರ ನಿಷಿದ್ಧ, ಕೇರಳ ಹೈಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿದೆ. ಕನ್ನಿಸ್ವಾಮಿಯ ಪ್ರಶ್ನೆಗೆ ನೇರ ಉತ್ತರ ಅಂದರೆ ಇದೇ. ಆದರೆ ಕಾನೂನು ಇದೆ ಅಂತ ಬಿಡದಿರುವುದಕ್ಕೂ ಅರ್ಥ ಆಗಿ ಬಿಡದಿರುವುದಕ್ಕೂ ವ್ಯತ್ಯಾಸ ಇದೆ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಇನ್ನೊಂದು ವಾದವನ್ನು ಗುಂಪಿನಲ್ಲೇ ಒಬ್ಬರು ಹಾಕಿದ್ದರು, ಅದು ಹೆಚ್ಚು ಗಟ್ಟಿ. "ನದಿ ಕೆಡುವುದು ಚರಂಡಿಯಿಂದ, ಕಾರ್ಖಾನೆಯಿಂದ. ನನ್ನ ಒಂದು ಅಂಗಿಯಿಂದ ಏನಾಗುತ್ತದೆ?" ನಿಜ, ನನ್ನ ಒಂದು ಅಂಗಿಯಿಂದ ಏನೂ ಆಗುವುದಿಲ್ಲ. ಅಳೆದು ನೋಡಿದರೂ ಸಿಗುವುದಿಲ್ಲ. ಆದರೆ ಲೆಕ್ಕ ಹಾಕಿ. ಅಂಗಿ, ಪಂಚೆ ಸೇರಿ ಅರ್ಧ ಕೆ.ಜಿ. ಅಂದುಕೊಳ್ಳಿ. ಒಂದು ದಿನಕ್ಕೆ 10,000 ಜನ ಬಿಟ್ಟರೆ 5 ಟನ್. ಈ 5 ಟನ್‌ನಲ್ಲಿ ಯಾರ ಅಂಗಿ ನದಿಯನ್ನು ಕೆಡಿಸಿತು? ಯಾರದ್ದೂ ಅಲ್ಲ. ಪ್ರತಿಯೊಬ್ಬನೂ ನನ್ನದರಿಂದ ಏನೂ ಆಗಲಿಲ್ಲ ಅಂತ ಪ್ರಮಾಣ ಮಾಡಿ ಹೇಳಬಹುದು, ಹೇಳಿದ್ದು ಸುಳ್ಳೂ ಆಗುವುದಿಲ್ಲ. ಆದರೂ ನದಿ ಕೆಟ್ಟಿದೆ. ಇದೇ ತರ್ಕವನ್ನು ತಿರುಗಿಸಿ ನೋಡಿ: ಲಕ್ಷಗಟ್ಟಲೆ ಜನ ತುಪ್ಪ ತರುತ್ತಾರೆ, ನನ್ನ ಒಂದು ತೆಂಗಿನಕಾಯಿಯ ತುಪ್ಪದಿಂದ ಅಭಿಷೇಕಕ್ಕೆ ಏನಾಗುತ್ತದೆ ಅಂತ ನಾವು ಎಂದಾದರೂ ಕೇಳಿದ್ದೇವೆಯೇ? ಇಲ್ಲ. ಅಲ್ಲಿ ನನ್ನದು ಲೆಕ್ಕಕ್ಕೆ ಬರುತ್ತದೆ ಅಂತ ಪೂರ್ತಿ ನಂಬಿಕೆ. ಪುಣ್ಯದ ಲೆಕ್ಕದಲ್ಲಿ ನನ್ನ ಒಂದು ಚಮಚಕ್ಕೂ ಬೆಲೆ, ಕೊಳೆಯ ಲೆಕ್ಕದಲ್ಲಿ ನನ್ನ ಒಂದು ಅಂಗಿಗೆ ಬೆಲೆ ಇಲ್ಲ. ಈ ಎರಡು ಪುಸ್ತಕದ ಲೆಕ್ಕ ವ್ಯಾಪಾರಿಗಳು ಮಾಡಿದರೆ ನಾವು ಮೋಸ ಅನ್ನುತ್ತೇವೆ.

ಶಬರಿಮಲೆ ಬರೀ ಬೆಟ್ಟವಲ್ಲ. ಅದು ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಭಾಗ, 1978ರಿಂದ. ಒಟ್ಟು 925 ಚದರ ಕಿ.ಮೀ. ಕಾಡು. ನಮ್ಮ ಹಿರಿಯರು ಅದಕ್ಕೆ ಪೂಂಕಾವನಂ ಅಂದರು, ಸ್ವಾಮಿಯ ಹೂದೋಟ. ಹದಿನೆಂಟು ಮೆಟ್ಟಿಲು ಅಂದರೆ ಆ ತೋಟದ ಹದಿನೆಂಟು ಬೆಟ್ಟ ಎನ್ನುವ ನಂಬಿಕೆಯೂ ಇದೆ. ಪಂಪೆ ಅಲ್ಲಿಂದ ಹೊರಟು ರಾನ್ನಿ, ಆರನ್ಮುಳ ದಾಟಿ ಕುಟ್ಟನಾಡಿನ ಗದ್ದೆಗಳ ನಡುವೆ ವೇಂಬನಾಡು ಸೇರುವವರೆಗೆ 176 ಕಿ.ಮೀ. ಹರಿಯುತ್ತದೆ. ಅಷ್ಟುದ್ದಕ್ಕೂ ನನ್ನ ಅಜ್ಜಿಯಂಥವರು ಇದ್ದಾರೆ. ಸತ್ತ ಕಡವೆಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕ ಸುದ್ದಿಯನ್ನು ನೀವೂ ಓದಿರುತ್ತೀರಿ. ಅದು ತಿಂದದ್ದು ಉಪ್ಪಿನ, ಬೆಲ್ಲದ ವಾಸನೆ ಹಿಡಿದ ಪೊಟ್ಟಣ. ಅಂದರೆ ನಮ್ಮ ಇರುಮುಡಿಯ ಗಂಟಿನಿಂದ ಬಿದ್ದದ್ದಿರಬಹುದು. 2018ರ ಆಗಸ್ಟ್ ಪ್ರವಾಹದಲ್ಲಿ ಪಂಪೆ ತ್ರಿವೇಣಿಯ ದಾರಿಯನ್ನೇ ಬದಲಿಸಿ, ರಾಮಮೂರ್ತಿ ಮಂಟಪವನ್ನು ಕೊಚ್ಚಿಕೊಂಡು ಹೋದಳು.

ಕೇರಳದ ಪೊಲೀಸ್ ಅಧಿಕಾರಿ ಪಿ. ವಿಜಯನ್ 2011ರಲ್ಲಿ ಪುಣ್ಯಂ ಪೂಂಕಾವನಂ ಅಂತ ಒಂದು ಕೆಲಸ ಶುರು ಮಾಡಿದರು. ದರ್ಶನಕ್ಕೆ ಬಂದ ಸ್ವಾಮಿಗಳೇ ಒಂದು ಗಂಟೆ ಕಸ ಹೆಕ್ಕುವುದು, ತಾವು ತಂದದ್ದನ್ನು ತಾವೇ ವಾಪಸು ಒಯ್ಯುವುದು. ಇತ್ತೀಚೆಗೆ ತಂತ್ರಿಗಳೂ ಇರುಮುಡಿಯಲ್ಲಿ ಊದುಬತ್ತಿ, ಕರ್ಪೂರ, ಪನ್ನೀರು ಬೇಡ, ಅವು ಬಳಕೆಯಾಗದೆ ಕಸವೇ ಆಗುತ್ತವೆ ಅಂತ ಹೇಳಿದ್ದಾರೆ. ಅಕ್ಕಿ, ತೆಂಗಿನಕಾಯಿ, ತುಪ್ಪ, ಬೆಲ್ಲ, ಬಾಳೆಹಣ್ಣು, ವೀಳ್ಯದೆಲೆ ಅಡಿಕೆ ಸಾಕು. ಇರುಮುಡಿ ಅಂದರೆ ಎರಡು ಗಂಟು, ಮುಂದಿನದು ಸ್ವಾಮಿಗೆ, ಹಿಂದಿನದು ನಮ್ಮ ದಾರಿಯ ಖರ್ಚಿಗೆ. ಹತ್ತುವಾಗ ಎರಡೂ ತುಂಬಿರುತ್ತವೆ. ಇಳಿಯುವಾಗ ಹಿಂದಿನ ಗಂಟಿನಲ್ಲಿ ಜಾಗ ಖಾಲಿ ಇರುತ್ತದಲ್ಲ.

ಇಷ್ಟೆಲ್ಲ ಹೇಳಿ ಒಂದು ವಿಷಯದಲ್ಲಿ ನನಗೇ ಉತ್ತರ ಸಿಕ್ಕಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಅಷ್ಟು ಜನ ಹುಲಿಯ ಕಾಡಿನೊಳಗೆ ಹೋಗುವುದೇ ಸರಿಯೇ? ಬಟ್ಟೆ ಬಿಡದಿದ್ದರೂ ನಮ್ಮ ಬಸ್ಸಿನ ಹೊಗೆ, ನಮ್ಮ ಸದ್ದು, ನಮ್ಮ ಕಕ್ಕಸು ಅಲ್ಲಿಯೇ. ಹೋಗಬೇಡ ಅಂತ ನನ್ನ ಬಾಯಿಂದ ಬರುವುದಿಲ್ಲ, ನನಗೇ ಹೋಗದೆ ಇರಲು ಆಗುವುದಿಲ್ಲ. ಒಬ್ಬರ ಮನೆಗೆ ಅತಿಥಿಯಾಗಿ ಹೋದರೆ ಹೇಗೆ ಇರುತ್ತೇವೋ ಹಾಗೆ ಇರಬಹುದು ಅಂತ ಮಾತ್ರ ಅನ್ನಿಸುತ್ತದೆ. ಮಣಿಕಂಠ ಹುಲಿಗಳನ್ನು ಅರಮನೆಗೆ ತಂದನಲ್ಲ, ಕೆಲಸ ಮುಗಿದ ಮೇಲೆ ಅವುಗಳನ್ನು ಕಾಡಿಗೇ ಕಳಿಸಿದ. ಇಟ್ಟುಕೊಳ್ಳಲಿಲ್ಲ.

ನನ್ನ ಕೆಲಸದ ಕೊಳೆಯನ್ನೂ ಹೇಳದಿದ್ದರೆ ಅಪ್ರಾಮಾಣಿಕ ಆಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತರೆ ತೆಗೆದು ಹೊಸದು ಹಾಕುವುದು ನನ್ನ ಕೆಲಸ. ಹಳೆಯದನ್ನು ಗುಜರಿಯವನಿಗೆ ಕೊಟ್ಟರೆ ಒಳ್ಳೆಯ ರೇಟು, ಚಹಾ ಸಮೋಸಾದ ಖರ್ಚು ಕಳೆಯುತ್ತದೆ. ಮೊದಲೆಲ್ಲ ನಾನೂ ಹಾಗೆ ಕೊಟ್ಟಿದ್ದೇನೆ. ಒಳಗಿರುವುದು ಸೀಸ ಮತ್ತು ಆಮ್ಲ. ಯಾವುದೋ ಓಣಿಯಲ್ಲಿ ಯಾರದೋ ಮಕ್ಕಳ ಎದುರು ಅದನ್ನು ಒಡೆದು, ಆಮ್ಲ ಚರಂಡಿಗೆ ಚೆಲ್ಲಿ, ಸೀಸ ಕಾಯಿಸುತ್ತಾರೆ. ಸೀಸ ಮಕ್ಕಳ ಮಿದುಳಿಗೆ ವಿಷ. ನನಗೆ ಅದು ಕಾಣುವುದಿಲ್ಲ, ನನ್ನ ಟಿಕೆಟ್ ಕ್ಲೋಸ್. ಹೋದ ವರ್ಷ ವ್ರತದಲ್ಲಿದ್ದಾಗ ಇದು ತಲೆಗೆ ಹತ್ತಿ, ಪರವಾನಗಿ ಇರುವ ಮರುಬಳಕೆಯವರಿಗೇ ಕೊಡೋಣ ಅಂತ ಮೇಲಿನವರಿಗೆ ಬರೆದೆ. ಒಪ್ಪಲು ಮೂರು ತಿಂಗಳು ಹಿಡಿಯಿತು, ನಾನು ಮೂರು ಸಲ ನೆನಪಿಸಬೇಕಾಯಿತು, ಸಮೋಸಾ ನಿಂತದ್ದಕ್ಕೆ ಜೊತೆಯ ಹುಡುಗರು ಇನ್ನೂ ರೇಗಿಸುತ್ತಾರೆ. ಮಾಲೆ ತೆಗೆದ ಮೇಲೂ ಅದು ಮುಂದುವರಿದಿದೆ. ನನ್ನ ವ್ರತಗಳಲ್ಲಿ ನಲವತ್ತೆರಡನೇ ದಿನ ದಾಟಿದ್ದು ಅದೊಂದೇ ಅಂತ ಕಾಣುತ್ತದೆ. ಅಪ್ಪನಿಗೂ ಅದೇ ತಿಂಗಳು ಫೋನ್ ಮಾಡಿ ಆ ಹಳೆಯ ಮಾತಿಗೆ ಕ್ಷಮೆ ಕೇಳಿದೆ. ಅಪ್ಪ "ಯಾವ ಮಾತು?" ಅಂದರು.

ಈ ಮಂಡಲದಲ್ಲಿ ನಮ್ಮ ತಂಡದ ಹನ್ನೊಂದು ಸ್ವಾಮಿಗಳಿಗೂ ಗುರುಸ್ವಾಮಿಯೇ ಹೇಳಿಬಿಟ್ಟರು. ಬಟ್ಟೆ ಯಾರೂ ಬಿಡುವುದಿಲ್ಲ, ತುಪ್ಪ ಬಿಟ್ಟರೆ ಉಳಿದದ್ದೆಲ್ಲ ಬಟ್ಟೆಯ ಚೀಲದಲ್ಲಿ ಅಥವಾ ಬಾಳೆ ಎಲೆಯಲ್ಲಿ, ಊರಿನ ಪೂಜೆಯ ಹೂವು ಫುಟಾಳಾ ಕೆರೆಗೆ ಅಲ್ಲ, ನಿರ್ಮಾಲ್ಯ ಕಲಶಕ್ಕೆ. ಪಂಪೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆ ಹಿಂಡಿ, ಮಡಚಿ, ಹಿಂದಿನ ಗಂಟಿಗೆ ತುರುಕಿ ತಂದೆವು. ಎರಡು ದಿನದ ರೈಲಿನಲ್ಲಿ ಅದು ಕಮಟು ವಾಸನೆ ಬಂದು ಎದುರಿನ ಸೀಟಿನವರು ಮುಖ ಸಿಂಡರಿಸಿದರು. ನಮಗೂ ಸಂಕೋಚ ಆಯಿತು. ಗುರುಸ್ವಾಮಿ ಮಾತ್ರ "ನಮ್ಮದೇ ವಾಸನೆ ಮಾರಾಯ್ರೆ, ಸ್ವಲ್ಪ ಸಹಿಸಿಕೊಳ್ಳಿ" ಅಂದು ಕಿಟಕಿ ತೆರೆದರು.

ಮನೆಗೆ ಬಂದು ಬಕೆಟ್ಟಿನಲ್ಲಿ ನೆನೆಹಾಕಿದೆ. ಸೋಪಿನ ಪುಡಿ ಹಾಕಲು ಕೈ ಎತ್ತಿದವನು ಒಂದು ಕ್ಷಣ ನಿಂತೆ, ಅರ್ಧ ಚಮಚ ಮಾತ್ರ ಹಾಕಿದೆ. ಮೂರು ಸಲ ಜಾಲಿಸಿದೆ. ಕಪ್ಪು ಬಣ್ಣ ಬಿಟ್ಟ ನೀರು ಬಚ್ಚಲ ಜಾಲರಿಯಲ್ಲಿ ಸುತ್ತಿ ಸುತ್ತಿ ಇಳಿಯಿತು. ಅಲ್ಲಿಂದ ಓಣಿಯ ಪೈಪು, ನಾಗ ನದಿ, ಕನ್ಹಾನ್, ವೈನಗಂಗೆ, ಗೋಸೀಖುರ್ದ್. ಅಂಗಿಯನ್ನು ತಂತಿಗೆ ಹಾಕಿದ್ದೇನೆ. ಮುಂದಿನ ವರ್ಷಕ್ಕೂ ಬರುತ್ತದೆ.

ಸ್ವಾಮಿ ಶರಣಂ.